ವೆಲ್ಲೆಸ್ಲಿ ಅಂದ್ರೆ ಯಾವ ವೆಲ್ಲೆಸ್ಲಿ, ಅಣ್ಣನೋ ತಮ್ಮನೋ?

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಹಳೇ ಕಲ್ಲಿನ ಸೇತುವೆ ಇದೆ, ವೆಲ್ಲೆಸ್ಲಿ ಸೇತುವೆ ಅಂತ, 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಲಿ ಕಟ್ಟಿದ್ದು. ಒಂದ್ಸಲ ಅಲ್ಲಿ ನಿಂತಿದ್ದಾಗ ಜೊತೇಲಿದ್ದ ನನ್ನ ಭಾವಮೈದ "ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ್ನಲ್ಲ, ಅವನ ಹೆಸರೇ ಇದು" ಅಂತ ಮಕ್ಕಳಿಗೆ ಹೇಳ್ತಾ ಇದ್ದ. ನಾನೂ ತುಂಬಾ ವರ್ಷ ಹಾಗೇ ಅಂದ್ಕೊಂಡಿದ್ದೆ. ಅಲ್ಲ. ಸೇತುವೆ ಅಣ್ಣನ ಹೆಸರಲ್ಲಿದೆ, ವಾಟರ್ಲೂ ಗೆದ್ದವನು ತಮ್ಮ.

ನಮ್ಮ ತಲೇಲಿ ಈ ಗೊಂದಲ ಯಾಕೆ ಕೂತಿದೆ ಅಂದ್ರೆ ಸ್ಕೂಲಲ್ಲಿ ಮೂರು ಬೇರೆ ಬೇರೆ ಕಡೆ ಮೂರು ಹೆಸರು ಓದಿರ್ತೀವಿ. ಸಹಾಯಕ ಸೈನ್ಯ ಪದ್ಧತಿ ತಂದ ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿ ಒಂದು ಪಾಠದಲ್ಲಿ, ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸ್ಕೊಂಡ ಕರ್ನಲ್ ವೆಲ್ಲೆಸ್ಲಿ ಇನ್ನೊಂದು ಕಡೆ, ನೆಪೋಲಿಯನ್ ಪಾಠದಲ್ಲಿ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಹೆಸರು ಮೂರು, ಆದ್ರೆ ಮನುಷ್ಯರು ಇಬ್ರೇ. ಮೊದಲನೆಯವನು ರಿಚರ್ಡ್, ಆಮೇಲಿನ ಇಬ್ಬರೂ ಒಬ್ನೇ, ಆರ್ಥರ್. ರಿಚರ್ಡ್ 1760ರಲ್ಲಿ ಹುಟ್ಟಿದವನು, ಆರ್ಥರ್ 1769ರಲ್ಲಿ. ಇವರ ಮಧ್ಯೆ, ಇವರಾದ ಮೇಲೆ ಇನ್ನೂ ಅಣ್ಣತಮ್ಮಂದಿರಿದ್ದಾರೆ, ಅವರನ್ನ ಬಿಟ್ರೆ ಈ ಕಥೆ ಅರ್ಥ ಆಗಲ್ಲ. ಆರ್ಥರ್‌ನ ಒಬ್ಬಂಟಿ ವೀರನ ಥರ ತೋರಿಸೋದು ರೂಢಿ, ಆದ್ರೆ ಅವನ ಮೊದಲ ಇಪ್ಪತ್ತು ವರ್ಷದ ಸರ್ವಿಸ್ ನೋಡಿದ್ರೆ ಅದು ಮನೆಮಂದಿ ಸೇರ್ಕೊಂಡು ನಡೆಸಿದ ಒಂದು ಅಂಗಡಿ ಥರ ಕಾಣುತ್ತೆ, ಗಲ್ಲಾ ಮೇಲೆ ಅಣ್ಣ ಕೂತಿದ್ದ ಅಷ್ಟೇ.

ಮೊದಲು ಹೆಸರಿನ ಗೋಜಲು ಬಿಡಿಸ್ಬಿಡೋಣ. ಇವರ ಮೂಲ ಮನೆತನದ ಹೆಸರು ವೆಲ್ಲೆಸ್ಲಿ ಅಲ್ವೇ ಅಲ್ಲ, ಕಾಲಿ. ಐರ್ಲೆಂಡಲ್ಲಿ ತಲೆತಲಾಂತರದಿಂದ ಜಮೀನು ಮಾಡ್ಕೊಂಡು ಕೂತಿದ್ದ ಇಂಗ್ಲಿಷ್ ಮೂಲದ ಪ್ರಾಟೆಸ್ಟೆಂಟ್ ಕುಟುಂಬ. 1728ರಲ್ಲಿ ಇವರ ಅಜ್ಜ ರಿಚರ್ಡ್ ಕಾಲಿಗೆ ಮಕ್ಕಳಿಲ್ಲದ ಗ್ಯಾರೆಟ್ ವೆಸ್ಲಿ ಅನ್ನೋ ಸಂಬಂಧಿಯ ಆಸ್ತಿ ಬಂತು, ಷರತ್ತು ಏನಪ್ಪಾ ಅಂದ್ರೆ ಹೆಸರೂ ವೆಸ್ಲಿ ಅಂತಲೇ ಇಟ್ಕೋಬೇಕು. ಇಟ್ಕೊಂಡ್ರು. ಆ ಆಸ್ತಿಗೆ ಅದಕ್ಕೂ ಮೊದಲು ಚಾರ್ಲ್ಸ್ ವೆಸ್ಲಿ ಅನ್ನೋ ಇನ್ನೊಬ್ಬ ಹುಡುಗನ್ನ ದತ್ತು ಕೇಳಿದ್ರು, ಅವನು ಒಲ್ಲೆ ಅಂದ ಅಂತ ಒಂದು ಕಥೆ ಇದೆ. ಅವನು ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ತಮ್ಮ. ಮೈಸೂರಲ್ಲಿ ಕನ್ನಡ ಪುಸ್ತಕ ಅಚ್ಚು ಹಾಕ್ತಿದ್ದ ವೆಸ್ಲಿಯನ್ ಮಿಷನ್ ಪ್ರೆಸ್ ಇತ್ತಲ್ಲ, ಆ ವೆಸ್ಲಿ ಈ ಜಾನ್ ವೆಸ್ಲಿನೇ. ಹೆಸರು ಹೇಗೆಲ್ಲ ಸುತ್ತು ಹಾಕುತ್ತೆ ನೋಡಿ. ಆಮೇಲೆ 1789ರಲ್ಲಿ ಅಣ್ಣ ರಿಚರ್ಡ್‌ಗೆ ವೆಸ್ಲಿ ಅನ್ನೋದು ತೀರಾ ಸಾದಾ ಅನ್ನಿಸ್ತೋ ಏನೋ, ವೆಲ್ಲೆಸ್ಲಿ ಅಂತ ಹಳೇ ಕಾಲದ ಗತ್ತಿನ ರೂಪಕ್ಕೆ ಬದಲಾಯಿಸ್ಕೊಂಡ. ಆರ್ಥರ್ ಮಾತ್ರ 1798ರವರೆಗೂ ವೆಸ್ಲಿ ಅಂತಲೇ ಸೈನ್ ಹಾಕ್ತಿದ್ದ. ಅಂದ್ರೆ ಇಂಡಿಯಾಗೆ ಬಂದು ಇಳಿದಾಗ ಅವನು ಕರ್ನಲ್ ವೆಸ್ಲಿ. ಅಣ್ಣ ಗವರ್ನರ್ ಜನರಲ್ ಆಗಿ ಬಂದ ಮೇಲೇ ಅವನೂ ವೆಲ್ಲೆಸ್ಲಿ ಆಗಿದ್ದು.

ಅಪ್ಪ ಗ್ಯಾರೆಟ್ ವೆಸ್ಲಿ, ಅರ್ಲ್ ಆಫ್ ಮಾರ್ನಿಂಗ್ಟನ್. ಆಯಪ್ಪನಿಗೆ ಸಂಗೀತದ ಹುಚ್ಚು, ಬರೀ ಹುಚ್ಚಲ್ಲ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮೊಟ್ಟಮೊದಲ ಸಂಗೀತ ಪ್ರೊಫೆಸರ್. ದುಡ್ಡಿನ ವಿಷಯದಲ್ಲಿ ಮಾತ್ರ ಕೈ ಸಡಿಲ. 1781ರಲ್ಲಿ ತೀರ್ಕೊಂಡಾಗ ಪದವಿಯ ಜೊತೆ ಸಾಲಾನೂ ಬಿಟ್ಟು ಹೋದ. ಆಗ ರಿಚರ್ಡ್‌ಗೆ 20, ಆರ್ಥರ್‌ಗೆ ಇನ್ನೂ 12.

ಇಲ್ಲಿ ಬ್ರಿಟಿಷ್ ಶ್ರೀಮಂತ ಮನೆತನದ ಲೆಕ್ಕಾಚಾರ ಸ್ವಲ್ಪ ತಿಳ್ಕೋಬೇಕು, ಯಾಕಂದ್ರೆ ನಮ್ಮ ಮನೆಗಳ ಥರ ಅಲ್ಲ ಅದು. ನಮ್ಮಲ್ಲಿ ಅಪ್ಪ ಹೋದ್ರೆ ಮಕ್ಕಳೆಲ್ಲ ಕೂತು ಹಿಸ್ಸೆ ಮಾಡ್ಕೋತಾರೆ, ಜಗಳ ಆಡ್ಕೊಂಡಾದ್ರೂ ಸರಿ. ಅಲ್ಲಿ ಆಗ ಹಿಸ್ಸೆನೇ ಇರಲಿಲ್ಲ. ಪದವಿ, ಮನೆ, ಜಮೀನು ಎಲ್ಲಾ ಹಿರಿಮಗನಿಗೆ. ಮಿಕ್ಕವರು ಹೆಸರಿಗೆ ದೊಡ್ಡ ಮನೆಯವರು, ಕಾನೂನಿನ ಪ್ರಕಾರ ಸಾಮಾನ್ಯ ಪ್ರಜೆಗಳು. ಅವರು ಸೈನ್ಯ, ಚರ್ಚು, ಕೋರ್ಟು, ಪಾರ್ಲಿಮೆಂಟು ಇಂಥದ್ರಲ್ಲಿ ಎಲ್ಲಾದ್ರೂ ಹೊಂದ್ಕೊಂಡು ಬದುಕ್ಬೇಕು, ಅದಕ್ಕೆ ಬೇಕಾದ ಶಿಫಾರಸು ಮತ್ತೆ ಬಂಡವಾಳಕ್ಕೆ ಹಿರಿಯಣ್ಣನ ಮುಖ ನೋಡ್ಬೇಕು. ಈ ಮನೇಲಿ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದ್ರು. ಎರಡನೆಯವನು ವಿಲಿಯಂ, ಅವನಿಗೆ ಇನ್ನೊಬ್ಬ ನೆಂಟರ ಆಸ್ತಿ ಬಂದು ಹೆಸರಿಗೆ 'ಪೋಲ್' ಅಂತ ಬಾಲ ಸೇರ್ಕೊಂಡು ವೆಲ್ಲೆಸ್ಲಿ-ಪೋಲ್ ಆದ (ಈ ಮನೇಲಿ ಆಸ್ತಿ ಬಂದಾಗೆಲ್ಲ ಹೆಸರು ಬದಲಾಗುತ್ತೆ, ಏನ್ ಮಾಡೋಕಾಗುತ್ತೆ). ಆಮೇಲೆ ಆರ್ಥರ್ ಸೈನ್ಯಕ್ಕೆ, ಜೆರಾಲ್ಡ್ ಚರ್ಚಿಗೆ, ಕೊನೆಯವನು ಹೆನ್ರಿ ರಾಯಭಾರಿ ಕೆಲಸಕ್ಕೆ. ಆನ್ ಅಂತ ಒಬ್ಬ ಸೋದರಿನೂ ಇದ್ಲು.

ಆರ್ಥರ್ ಮನೆಯವರ ಕಣ್ಣಲ್ಲಿ ದಡ್ಡ. ಈಟನ್ ಸ್ಕೂಲಲ್ಲಿ ರಿಚರ್ಡ್ ಲ್ಯಾಟಿನ್ ಪದ್ಯ ಬರೆದು ಹೆಸರು ಮಾಡಿದ್ರೆ, ಅದೇ ಸ್ಕೂಲಿಂದ ಆರ್ಥರ್‌ನ 1784ರಲ್ಲಿ ಬಿಡಿಸಿದ್ರು, ಇವನ ಮೇಲೆ ದುಡ್ಡು ಹಾಕೋದು ದಂಡ ಅಂತ. ಅವನಿಗೆ ಬರ್ತಿದ್ದಿದ್ದು ಒಂದೇ, ಅಪ್ಪನ ಬಳುವಳಿ, ಪಿಟೀಲು. ಈ ಪೆದ್ದು ಮಗನ್ನ ಇಟ್ಕೊಂಡು ಏನ್ ಮಾಡ್ಲಿ, ಇವನು ತೋಪಿನ ಬಾಯಿಗೇ ಲಾಯಕ್ಕು ಅಂತ ಅವರಮ್ಮ ಅಂದಿದ್ಲು ಅಂತಾರೆ. ಫ್ರಾನ್ಸ್‌ನ ಆಂಜೆ ಊರಲ್ಲಿ ಕುದುರೆ ಸವಾರಿ ಅಕಾಡೆಮಿಗೆ ಕಳಿಸಿದ್ರು. ಒಂದು ವರ್ಷ ಅಲ್ಲಿ ಕುದುರೆ ಓಡಿಸೋದು, ಒಳ್ಳೇ ಫ್ರೆಂಚ್ ಮಾತಾಡೋದು ಕಲಿತ. ಮುಂದೆ ಜೀವಮಾನ ಪೂರ್ತಿ ಯಾರ ವಿರುದ್ಧ ಹೋರಾಡ್ತಾನೋ ಅವರ ದೇಶದಲ್ಲೇ ತರಬೇತಿ.

1787ರಲ್ಲಿ ಸೈನ್ಯಕ್ಕೆ ಸೇರ್ದ. ಸೇರ್ದ ಅಂದ್ರೆ ನಮ್ಮ ಕಾಲದ ಥರ ಪರೀಕ್ಷೆ ಬರೆದಲ್ಲ. ಆಗ ಬ್ರಿಟಿಷ್ ಸೈನ್ಯದಲ್ಲಿ ಆಫೀಸರ್ ಹುದ್ದೆಗಳು ಮಾರಾಟಕ್ಕಿದ್ವು, ಬೆಲೆಪಟ್ಟಿನೇ ಇತ್ತು. ಸಾಮಾನ್ಯ ಕಾಲಾಳು ರೆಜಿಮೆಂಟಲ್ಲಿ ಎಲ್ಲಕ್ಕಿಂತ ಕೆಳಗಿನ ಎನ್ಸೈನ್ ಹುದ್ದೆಗೆ 400 ಪೌಂಡ್, ಲೆಫ್ಟಿನೆಂಟ್ ಕರ್ನಲ್‌ಗೆ 3,500 ಪೌಂಡ್, ಇದು ಸರ್ಕಾರದ ರೇಟು, ಮೇಲೆ ಎಷ್ಟು ಕೈಬದಲಾಗ್ತಿತ್ತೋ ಅದು ಬೇರೆ. ರಿಟೈರ್ ಆಗೋವಾಗ ಹುದ್ದೆನ ಮಾರ್ಕೊಂಡು ದುಡ್ಡು ವಾಪಸ್ ತಗೋಬಹುದು. 1871ರವರೆಗೂ ಈ ಪದ್ಧತಿ ನಡೀತು. ದುಡ್ಡಿದ್ದವರ ಮಕ್ಕಳು ಒಂದು ರೆಜಿಮೆಂಟಿಂದ ಇನ್ನೊಂದಕ್ಕೆ ಜಿಗೀತಾ ಮೇಲೆ ಹತ್ತೋರು, ಆರ್ಥರೂ ಹಾಗೇ ಹತ್ದ, ಆರೇ ವರ್ಷದಲ್ಲಿ ಎನ್ಸೈನ್‌ನಿಂದ ಲೆಫ್ಟಿನೆಂಟ್ ಕರ್ನಲ್, 1793ರಲ್ಲಿ 33ನೇ ರೆಜಿಮೆಂಟ್ ಕೈಗೆ ಬಂತು. ದುಡ್ಡು ಕೊಟ್ಟಿದ್ದು ಅಣ್ಣ. ಅದರ ಮಧ್ಯೆ 1790ರಲ್ಲಿ ಐರಿಷ್ ಪಾರ್ಲಿಮೆಂಟಿಗೆ ಟ್ರಿಮ್ ಕ್ಷೇತ್ರದಿಂದ ಮೆಂಬರ್ ಬೇರೆ ಆದ, ಅದೂ ಮನೆತನದ ಕೈಯಲ್ಲಿದ್ದ ಸೀಟೇ. ಅಂದ್ರೆ ಸೈನಿಕ ಮತ್ತೆ ರಾಜಕಾರಣಿ ಅನ್ನೋದು ಅವನ ಬದುಕಲ್ಲಿ ಒಂದಾದ ಮೇಲೆ ಒಂದು ಬಂದಿದ್ದಲ್ಲ, 21ನೇ ವಯಸ್ಸಿಗೇ ಎರಡೂ ಒಟ್ಟೊಟ್ಟಿಗೆ ಶುರು.

ಅದೇ 1793ರಲ್ಲಿ ಕಿಟ್ಟಿ ಪ್ಯಾಕನ್‌ಹ್ಯಾಮ್ ಅನ್ನೋ ಹುಡುಗಿನ ಮದುವೆ ಮಾಡ್ಕೊಡಿ ಅಂತ ಕೇಳ್ದ. ಅವಳ ತಮ್ಮ, ಲಾಂಗ್‌ಫರ್ಡ್ ಮನೆಯವನು, ಕಡ್ಡಿ ಮುರಿದ ಹಾಗೆ ಆಗಲ್ಲ ಅಂದ. ಸಾಲಗಾರ, ಕಿರಿಯ ಮಗ, ಮುಂದೆ ಏನಾಗ್ತಾನೋ ಗೊತ್ತಿಲ್ಲ, ಯಾರು ಕೊಡ್ತಾರೆ. ಆರ್ಥರ್ ತನ್ನ ಪಿಟೀಲುಗಳನ್ನ ಬೆಂಕಿಗೆ ಹಾಕ್ದ. ಮತ್ತೆ ಮುಟ್ಟಲಿಲ್ಲ. ಮರುವರ್ಷ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆ ಯುದ್ಧಕ್ಕೆ ಹೋಗಿ, ಹೇಗೆ ಯುದ್ಧ ಮಾಡಬಾರದು ಅನ್ನೋದನ್ನ ಅಲ್ಲಿ ಕಲಿತೆ ಅಂತ ಆಮೇಲೆ ಹೇಳ್ಕೊಂಡ. 1797ರ ಫೆಬ್ರವರಿಲಿ ತನ್ನ ರೆಜಿಮೆಂಟ್ ಜೊತೆ ಕಲ್ಕತ್ತಾಗೆ ಬಂದಿಳ್ದ.

ಮರುವರ್ಷ ಮೇನಲ್ಲಿ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಅದೇ ಕಲ್ಕತ್ತಾಗೆ ಬಂದ, ಜೊತೇಲಿ ಪ್ರೈವೇಟ್ ಸೆಕ್ರೆಟರಿ ಯಾರು? ಕೊನೇ ತಮ್ಮ ಹೆನ್ರಿ. ಈಗ ನಮ್ಮ ಮೈಸೂರಿನ ಹಣೆಬರಹ ಬರೆದವರು ಯಾರು ಅಂತ ನೋಡಿ. ಯುದ್ಧ ಬೇಕು ಅಂತ ತೀರ್ಮಾನ ಮಾಡಿದವನು ರಿಚರ್ಡ್. ಜನರಲ್ ಹ್ಯಾರಿಸ್‌ನ ಕೈಕೆಳಗೆ ನಿಜಾಮನ ಪಡೆಯ ಮುಖ್ಯಸ್ಥನಾಗಿ ಬಂದವನು ಆರ್ಥರ್. 1799ರ ಮಾರ್ಚ್ 27ಕ್ಕೆ ಮಳವಳ್ಳಿ ಹತ್ರ ಕಾಳಗ, ಅಲ್ಲಿ ಕೆಲಸ ಸಲೀಸಾಗಿ ಆಯ್ತು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪಿಗೆ ನುಗ್ಗೋಕೆ ಹೋಗಿ ಮಾತ್ರ ಮುಖಭಂಗ. ಕತ್ತಲು, ತೋಪಿನ ತುಂಬಾ ಕಾಲುವೆ, ಟಿಪ್ಪು ಕಡೆಯವರ ರಾಕೆಟ್ಟು ಗುಂಡು, ಜಾಗ ಮೊದಲೇ ನೋಡ್ಕೊಂಡಿರಲಿಲ್ಲ, ದಿಕ್ಕು ತಪ್ಪಿ ಎಲ್ಲಾ ಚೆಲ್ಲಾಪಿಲ್ಲಿ, ಆರ್ಥರ್‌ನ ಮಂಡಿಗೆ ಗುಂಡು ತಾಗ್ತು, ಹನ್ನೆರಡು ಜನ ಸೈನಿಕರು ಟಿಪ್ಪು ಕೈಗೆ ಸಿಕ್ಕು ಕೊಲೆಯಾದ್ರು. ಹಗಲಲ್ಲಿ ನೋಡ್ಕೊಳ್ದೆ ಇರೋ ಜಾಗಕ್ಕೆ ರಾತ್ರಿ ನುಗ್ಗಲ್ಲ ಅಂತ ಅವತ್ತೇ ತೀರ್ಮಾನ ಮಾಡ್ದೆ ಅಂತ ಅಣ್ಣನಿಗೆ ಕಾಗದ ಬರೆದ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಘಟನೆ ನಮ್ಮ 'ತೋಪು' ಅನ್ನೋ ಪದದ ಜೊತೇನೇ ಇವತ್ತಿಗೂ ಇದೆ.

ಮೇ 4ಕ್ಕೆ ಕೋಟೆ ಬಿತ್ತು. ನುಗ್ಗಿದ ಪಡೆಯ ಮುಂದೆ ಇದ್ದವನು ಆರ್ಥರ್ ಅಲ್ಲ, ಮೇಜರ್ ಜನರಲ್ ಬೇರ್ಡ್. ಹೈದರ್ ಕಾಲದಲ್ಲಿ ಸೆರೆ ಸಿಕ್ಕಿ ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸಂಕೋಲೆಯಲ್ಲಿ ಕೊಳೆತಿದ್ದವನು. ಗೆದ್ದ ಮೇಲೆ ಊರಿನ ಅಧಿಕಾರ ತನಗೇ ಅಂದ್ಕೊಂಡಿದ್ದ, ನ್ಯಾಯವಾಗಿ ಹಾಗೇ ಅಂದ್ಕೋಬೇಕು. ಮಾರನೇ ದಿನ ಹ್ಯಾರಿಸ್ ಆ ಅಧಿಕಾರ ಕೊಟ್ಟಿದ್ದು ದರ್ಜೆಯಲ್ಲಿ ಬೇರ್ಡ್‌ಗಿಂತ ಕಿರಿಯನಾದ ಕರ್ನಲ್ ಆರ್ಥರ್‌ಗೆ. ನನ್ನ ಹಣೆ ಬೆವರು ಆರೋ ಮೊದಲೇ ನನ್ನ ಎಬ್ಬಿಸಿ ಕಿರಿಯನ್ನ ಕೂರಿಸಿದ್ರು ಅಂತ ಬೇರ್ಡ್ ಕಿಡಿಕಾರ್ದ. ಆರ್ಥರ್ ವಯಸ್ಸಾದ ಮೇಲೆ ಈ ಬಗ್ಗೆ ಏನಂದ ಗೊತ್ತಾ? ಆ ಕೆಲಸಕ್ಕೆ ನಾನೇ ಸರಿಯಾದವನಾಗಿದ್ದೆ ಅಂತ. ಅದೂ ಸುಳ್ಳೇನಲ್ಲ. ಊರಲ್ಲಿ ಲೂಟಿ ಮಾಡದೇ ಉಳಿದ ಮನೆ ಇಲ್ಲ ಅನ್ನೋ ಸ್ಥಿತಿ ಇತ್ತು, ಬಂದವನೇ ನಾಲ್ಕು ಜನ ಲೂಟಿಕೋರ ಸೈನಿಕರನ್ನ ಗಲ್ಲಿಗೇರಿಸಿ, ಇನ್ನಷ್ಟು ಜನಕ್ಕೆ ಚಡಿಯೇಟು ಹೊಡೆಸಿ ಹತೋಟಿಗೆ ತಂದ. ಆದ್ರೆ ಗವರ್ನರ್ ಜನರಲ್‌ನ ತಮ್ಮ ಅಲ್ಲದೇ ಇದ್ದಿದ್ರೆ ಆ ಅವಕಾಶ ಸಿಕ್ತಿತ್ತಾ ಅನ್ನೋ ಪ್ರಶ್ನೆ ಬೇರ್ಡ್ ಜೊತೆ ಸತ್ತಿಲ್ಲ, ಇವತ್ತಿಗೂ ಕೇಳ್ತಾರೆ. ನನಗನ್ಸೋದು, ಎರಡೂ ನಿಜ. ಯೋಗ್ಯತೆ ಇತ್ತು, ಆದ್ರೆ ಬಾಗಿಲು ತೆಗೆದಿಟ್ಟವನು ಅಣ್ಣ.

ಆಮೇಲೆ ಮೈಸೂರನ್ನ ಏನು ಮಾಡೋದು ಅಂತ ತೀರ್ಮಾನಿಸೋಕೆ ಐದು ಜನರ ಕಮಿಷನ್ ಆಯ್ತು, ಅದ್ರಲ್ಲಿ ಹ್ಯಾರಿಸ್, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಜೊತೆ ಆರ್ಥರೂ ಇದ್ದ ಹೆನ್ರಿನೂ ಇದ್ದ. ಜೂನ್ 30ಕ್ಕೆ ಇನ್ನೂ ಐದು ತುಂಬದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಪಟ್ಟ ಕಟ್ಟಿದ್ರು, ಜುಲೈನಲ್ಲಿ ಒಪ್ಪಂದ ಆಯ್ತು, ಕಂಪನಿ ಸೈನ್ಯ ಇಟ್ಕೊಳ್ಳೋಕೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕಟ್ಟಬೇಕು. ಒಬ್ಬ ಅಣ್ಣ ಕಲ್ಕತ್ತಾದಲ್ಲಿ, ಇಬ್ಬರು ತಮ್ಮಂದಿರು ಕಾವೇರಿ ದಡದಲ್ಲಿ, ಮೂರು ಜನ ಸೇರ್ಕೊಂಡು ಒಂದು ಸಂಸ್ಥಾನ ಹೊಲಿದಿಟ್ರು. ಆರ್ಥರ್ ದರಿಯಾ ದೌಲತ್‌ನಲ್ಲಿ ಬಿಡಾರ ಮಾಡ್ದ. ಮೈಸೂರಿನ ಇರ್ವಿನ್ ರೋಡಲ್ಲಿರೋ ವೆಲ್ಲಿಂಗ್ಟನ್ ಹೌಸ್ ಮಾತ್ರ ಇವನ ಹೆಸರಿನದೇ, ಸೇತುವೆ ಥರ ಅಣ್ಣನದಲ್ಲ. ಗೆಲುವಿನ ಪಾಲಲ್ಲಿ ಇವನಿಗೆ ಸುಮಾರು 4,000 ಪೌಂಡ್ ಬಂತು, ಕರ್ನಲ್ ಹುದ್ದೆ ಕೊಳ್ಳೋಕೆ ಕೊಟ್ಟ ಸಾಲ ತೀರಿಸ್ತೀನಿ ಅಂತ ಅಣ್ಣನಿಗೆ ಬರೆದ. ಅಣ್ಣ ಬೇಡ ಅಂದ. ಈ ಇಬ್ಬರ ಮಧ್ಯೆ ಇದ್ದ ಸಂಬಂಧದಲ್ಲಿ ನನಗೆ ಇಷ್ಟವಾದ ಘಳಿಗೆ ಇದೊಂದೇ.

ರಿಚರ್ಡ್‌ಗೆ ಬೇಕಾಗಿದ್ದು ದುಡ್ಡಲ್ಲ, ಪದವಿ. ಮೈಸೂರು ಗೆದ್ದಿದ್ದಕ್ಕೆ ಅವನನ್ನ ಮಾರ್ಕ್ವೆಸ್ ಮಾಡಿದ್ರು, ಆದ್ರೆ ಐರ್ಲೆಂಡಿನ ಮಾರ್ಕ್ವೆಸ್. ಬ್ರಿಟನ್ ಪದವಿಗಳ ಏಣಿ ಹೀಗಿದೆ, ತಳದಲ್ಲಿ ಬ್ಯಾರನ್, ಅದರ ಮೇಲೆ ವೈಕೌಂಟ್, ಅರ್ಲ್, ಮಾರ್ಕ್ವೆಸ್, ತುದೀಲಿ ಡ್ಯೂಕ್. ಅದೇ ಏಣಿ ಐರ್ಲೆಂಡಿಗೂ ಬೇರೆಯಾಗಿತ್ತು, ಅದಕ್ಕೆ ಬೆಲೆ ಕಮ್ಮಿ, ಐರಿಷ್ ಪದವಿ ಇದ್ರೆ ಲಂಡನ್ನಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಾನಾಗೇ ಸೀಟು ಸಿಗ್ತಿರಲಿಲ್ಲ. ರಿಚರ್ಡ್ ಅರ್ಲ್ ಆಗಿದ್ದೂ ಕೆಳಮನೆ ಕಾಮನ್ಸ್‌ನಲ್ಲಿ ಚುನಾವಣೆಗೆ ನಿಂತು ಕೂತಿದ್ದು ಅದಕ್ಕೇ. ಈಗ ಇನ್ನೊಂದು ಐರಿಷ್ ಪದವಿ ಕೊಟ್ಟಾಗ ಉರಿದುಹೋಗಿ, ಇದು ಎರಡು ಸಲ ಗಿಲೀಟು ಮಾಡಿದ ಆಲೂಗಡ್ಡೆ ಅಂತ ಬರೆದ. ಐರ್ಲೆಂಡ್ ಜನರ ದಿನದ ಊಟವೇ ಆಲೂಗಡ್ಡೆ, ಅರ್ಥ ಆಯ್ತಲ್ಲ.

ಆರ್ಥರ್ ಇತ್ತ 1800ರಲ್ಲಿ ಚನ್ನಗಿರಿ ಮೂಲದ ಧೋಂಡಿಯಾ ವಾಘ್‌ನ ಬೆನ್ನು ಹತ್ತಿದ್ದ. ಕೋಟೆ ಬಿದ್ದಾಗ ಟಿಪ್ಪುವಿನ ಸೆರೆಮನೆಯಿಂದ ತಪ್ಪಿಸ್ಕೊಂಡು, ಚದುರಿದ ಸೈನಿಕರನ್ನ ಕಟ್ಕೊಂಡು, ತಾನು ಎರಡು ಲೋಕದ ದೊರೆ ಅಂತ ಘೋಷಿಸ್ಕೊಂಡಿದ್ದವನು ಅವನು. ತಿಂಗಳುಗಟ್ಟಲೆ ಓಡಿಸಿ, ಸೆಪ್ಟೆಂಬರ್ 10ಕ್ಕೆ ನಿಜಾಮನ ಸೀಮೆ ಒಳಗೆ ಹಿಡಿದು, ಆರ್ಥರ್ ತಾನೇ ಕುದುರೆ ಪಡೆ ಮುಂದೆ ನಿಂತು ನುಗ್ದ. ಧೋಂಡಿಯಾ ಸತ್ತ. ಸಾಮಾನಿನ ಮಧ್ಯೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ಆ ಹುಡುಗನ್ನ ಆರ್ಥರ್ ಸಾಕಿದ, ಇಂಡಿಯಾ ಬಿಡೋವಾಗ ಅವನ ಖರ್ಚಿಗೆ ದುಡ್ಡು ಇಟ್ಟು ಹೋದ, ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರ್ದ. ತನ್ನ ಸ್ವಂತ ಮಕ್ಕಳ ಹತ್ರ ಇವನು ಅಷ್ಟು ಮೆತ್ತಗಿರಲಿಲ್ಲ, ಅದು ಬೇರೆ ಮಾತು.

ಅಣ್ಣತಮ್ಮಂದಿರ ಮಧ್ಯೆ ಮೊದಲ ಬಿರುಕು ಬಿಟ್ಟಿದ್ದು ಇದಾದ ಮೇಲೆ. ಸಮುದ್ರ ದಾಟಿ ಹೋಗೋ ಒಂದು ದಂಡಯಾತ್ರೆಗೆ ಆರ್ಥರ್‌ನ ಮುಖ್ಯಸ್ಥ ಮಾಡಿದ್ದ ರಿಚರ್ಡ್, ಮಧ್ಯದಲ್ಲಿ ಅದನ್ನ ಕಿತ್ತು ಕೊಟ್ಟಿದ್ದು ಯಾರಿಗೆ? ಬೇರ್ಡ್‌ಗೆ. ಈಗ ಬೆವರು ಆರೋ ಸರದಿ ಆರ್ಥರ್‌ದು. ಸಿಟ್ಟು ಒಂದು ಕಡೆ, ಮೈಯೆಲ್ಲಾ ಕಜ್ಜಿ ತುರಿಕೆ ಇನ್ನೊಂದು ಕಡೆ, ಬೊಂಬಾಯಲ್ಲೇ ಉಳಿದ್ಬಿಟ್ಟ. ಅವನು ಹತ್ತಬೇಕಿದ್ದ ಸುಸಾನಾ ಅನ್ನೋ ಹಡಗು ಕೆಂಪು ಸಮುದ್ರದಲ್ಲಿ ಮುಳುಗಿ ಹೋಯ್ತು. ಕಜ್ಜಿಯಿಂದ ಪ್ರಾಣ ಉಳಿಸ್ಕೊಂಡ ಸೇನಾಪತಿ ಇವನೊಬ್ಬನೇ ಇರ್ಬೇಕು.

1803ರ ಮರಾಠಾ ಯುದ್ಧ, ಸೆಪ್ಟೆಂಬರ್ 23ರ ಅಸ್ಸಾಯೆ ಕಾಳಗ ಎಲ್ಲರಿಗೂ ಗೊತ್ತಿರೋದೇ, ಬೇಗ ದಾಟ್ತೀನಿ. ಸುಮಾರು 7,000 ಜನ ಇಟ್ಕೊಂಡು ತನಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯದ ಮೇಲೆ ಬಿದ್ದ, ಗೆದ್ದ, ಆದ್ರೆ ಸತ್ತು ಗಾಯಗೊಂಡವರು 1,500ಕ್ಕೂ ಮೇಲೆ. ಮುದುಕನಾದ ಮೇಲೆ, ನೀನು ಯುದ್ಧದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಯಾವುದು ಅಂತ ಕೇಳಿದ್ರೆ ವಾಟರ್ಲೂ ಅನ್ನಲಿಲ್ಲ, ಅಸ್ಸಾಯೆ ಅಂದ. 1805ರಲ್ಲಿ ಇಂಡಿಯಾ ಬಿಟ್ಟ, ಕೈಲಿ ಸುಮಾರು 42,000 ಪೌಂಡ್ ಗಂಟಿತ್ತು. ದಾರೀಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಬ್ರೈಯರ್ಸ್ ಅನ್ನೋ ಮನೇಲಿ ತಂಗಿದ್ದ. ಹತ್ತು ವರ್ಷ ಆದ್ಮೇಲೆ ಅದೇ ಮನೇಲಿ ಇನ್ನೊಬ್ಬ ಅತಿಥಿ ಇಳ್ಕೊಂಡ, ನೆಪೋಲಿಯನ್, ಕೈದಿಯಾಗಿ.

ವಾಪಸ್ ಬಂದು ಕಿಟ್ಟಿನ ಮತ್ತೆ ಕೇಳ್ದ, ಈಗ ಮನೆಯವರು ಒಪ್ಪಿದ್ರು, 1806ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಮದುವೆ. ಮದುವೆ ಮಾಡಿಸಿದ ಪಾದ್ರಿ ತಮ್ಮ ಜೆರಾಲ್ಡೇ. ಹೆಚ್ಚೂಕಮ್ಮಿ ಹತ್ತು ವರ್ಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಹುಡುಗಿನ ಕಂಡವನೇ ಜೆರಾಲ್ಡ್ ಕಿವೀಲಿ ಇವಳು ಕುರೂಪಿ ಆಗ್ಬಿಟ್ಟಿದ್ದಾಳಲ್ಲೋ ಅಂದ ಅಂತಾರೆ. ಹಾಗಿದ್ಮೇಲೆ ಯಾಕಪ್ಪ ಮಾಡ್ಕೊಂಡೆ? ಮಾತು ಕೊಟ್ಟಿದ್ದೆ ಅನ್ನೋ ಹಠ. ಇಬ್ಬರು ಗಂಡು ಮಕ್ಕಳಾದ್ರು, ಆರ್ಥರ್ ರಿಚರ್ಡ್ ಮತ್ತೆ ಚಾರ್ಲ್ಸ್, ಆದ್ರೆ ಸಂಸಾರ ಅನ್ನೋದು ಕೂಡ್ಲೇ ಇಲ್ಲ. ಈ ವಿಷಯದಲ್ಲಿ ನನ್ನ ಕನಿಕರ ಪೂರ್ತಿ ಕಿಟ್ಟಿ ಕಡೆ.

ಅದೇ ವರ್ಷ ರೈ ಕ್ಷೇತ್ರದಿಂದ ಲಂಡನ್ ಪಾರ್ಲಿಮೆಂಟಿಗೆ ಹೋದ, ಉದ್ದೇಶ ದೇಶಸೇವೆ ಅಲ್ಲ, ಅಣ್ಣನ ರಕ್ಷಣೆ. ಇಂಡಿಯಾದಲ್ಲಿ ಸಿಕ್ಕಾಪಟ್ಟೆ ಯುದ್ಧ ಮಾಡಿ ಕಂಪನಿ ದುಡ್ಡು ಕರಗಿಸ್ದ ಅಂತ ರಿಚರ್ಡ್‌ನ ವಾಪಸ್ ಕರೆಸ್ಕೊಂಡಿದ್ರು, ಜೇಮ್ಸ್ ಪಾಲ್ ಅನ್ನೋ ಮೆಂಬರ್ ಅವನ ಮೇಲೆ ಮಹಾಭಿಯೋಗಕ್ಕೆ ಓಡಾಡ್ತಿದ್ದ. ಸಾಲ ಬೇಡ ಅಂದಿದ್ದ ಅಣ್ಣನಿಗೆ ತಮ್ಮ ಇಲ್ಲಿ ತೀರಿಸ್ದ ಅನ್ನಬಹುದು.

ಆಮೇಲೆ 1808ರಿಂದ ಸ್ಪೇನ್, ಪೋರ್ಚುಗಲ್‌ನಲ್ಲಿ ನೆಪೋಲಿಯನ್ ಸೈನ್ಯದ ವಿರುದ್ಧ ಆರು ವರ್ಷದ ಯುದ್ಧ. ಇದನ್ನೂ ಒಬ್ಬನ ಸಾಹಸ ಅಂತ ಓದ್ತೀವಿ, ಆದ್ರೆ ಕುರ್ಚಿಗಳಲ್ಲಿ ಯಾರ್ಯಾರು ಕೂತಿದ್ರು ನೋಡಿ. ಯುದ್ಧಭೂಮೀಲಿ ಆರ್ಥರ್. 1809ರಲ್ಲಿ ಸ್ಪೇನ್ ರಾಯಭಾರಿ ರಿಚರ್ಡ್, ಅವನು ಅದೇ ವರ್ಷ ಲಂಡನ್ನಿಗೆ ಹೋಗಿ ವಿದೇಶಾಂಗ ಮಂತ್ರಿ ಆದಾಗ ಆ ರಾಯಭಾರಿ ಕೆಲಸಕ್ಕೆ ಬಂದವನು ಹೆನ್ರಿ. ವಿಲಿಯಂ ಐರ್ಲೆಂಡಿನ ಚೀಫ್ ಸೆಕ್ರೆಟರಿ. ಶ್ರೀರಂಗಪಟ್ಟಣದಲ್ಲಿ ಮಾಡಿದ ಅದೇ ಏರ್ಪಾಡು, ಈ ಸಲ ಒಂದು ಖಂಡದ ಅಳತೇಲಿ.

'ವೆಲ್ಲಿಂಗ್ಟನ್' ಅನ್ನೋ ಹೆಸರು ಹುಟ್ಟಿದ್ದೂ ಹೀಗೇ. 1809ರ ತಲಾವೆರಾ ಗೆಲುವಿಗೆ ಆರ್ಥರ್‌ಗೆ ವೈಕೌಂಟ್ ಪದವಿ ಬಂತು, ಪದವಿಗೆ ಒಂದು ಊರಿನ ಹೆಸರು ಬೇಕು, ಅವನು ಸ್ಪೇನ್‌ನಲ್ಲಿದ್ದಾನೆ, ಕಾಗದ ಹೋಗಿ ಬರೋಕೆ ಟೈಮಿಲ್ಲ. ಲಂಡನ್‌ನಲ್ಲಿ ವಿಲಿಯಂ ಮ್ಯಾಪ್ ಹರವ್ಕೊಂಡು ಸಾಮರ್ಸೆಟ್‌ನಲ್ಲಿ ಮನೆತನದ ಹೆಸರಿಗೆ ಹತ್ರ ಇರೋ ಊರು ಹುಡುಕಿ ವೆಲ್ಲಿಂಗ್ಟನ್ ಅಂತ ಆರಿಸ್ದ. ಸೆಪ್ಟೆಂಬರ್ 16ರಂದು ಆರ್ಥರ್ ಮೊದಲ ಸಲ ಆ ಹೆಸರಲ್ಲಿ ಸೈನ್ ಹಾಕ್ದ. ಜಗತ್ತಿನಾದ್ಯಂತ ಊರು, ಬೂಟ್ಸು, ನೀಲಗಿರಿಯ ಕಂಟೋನ್ಮೆಂಟು ಎಲ್ಲಕ್ಕೂ ಅಂಟಿರೋ ಹೆಸರು ಹೀಗೆ ಅಣ್ಣನೊಬ್ಬ ಅವಸರದಲ್ಲಿ ಆರಿಸಿದ್ದು.

1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಐದೇ ವರ್ಷದಲ್ಲಿ ಏಣಿ ತುದಿ, ಅದೂ ಅಸಲಿ ಬ್ರಿಟಿಷ್ ಏಣಿ, ಆಲೂಗಡ್ಡೆ ಅಲ್ಲ. ರಿಚರ್ಡ್ 1812ರಲ್ಲಿ ಮಂತ್ರಿಗಿರಿ ಬಿಟ್ಟ, ಪ್ರಧಾನಿ ಆಗೋಕೆ ಹೋಗಿ ಆಗಲಿಲ್ಲ, ಸಾಲ ಬೆಳೀತು. ಲಂಡನ್‌ನ ಆಪ್ಸ್ಲೀ ಹೌಸ್ ಅವನ ಮನೆ, 1817ರಲ್ಲಿ ಅದನ್ನ ಕೊಂಡ್ಕೊಂಡಿದ್ದು ತಮ್ಮನೇ. ಅಣ್ಣನ ಮನೇಲಿ ತಮ್ಮ ಯಜಮಾನನಾಗಿ ಕೂತ.

ವಾಟರ್ಲೂ ಬಗ್ಗೆ ನಾನು ಹೊಸದೇನು ಹೇಳ್ಲಿ, 1815ರ ಜೂನ್ 18, ಸಂಜೆ ಹೊತ್ತಿಗೆ ಬ್ಲೂಷರ್‌ನ ಪ್ರಷ್ಯನ್ ಸೈನ್ಯ ನೆರವಿಗೆ ಬರದೇ ಇದ್ದಿದ್ರೆ ಕಥೆ ಬೇರೆ ಇತ್ತು. ಅದಕ್ಕಿಂತ ಮಜಾ ಅವನ ಕುದುರೆ ಪಡೆಯ ಮುಖ್ಯಸ್ಥ ಲಾರ್ಡ್ ಅಕ್ಸ್‌ಬ್ರಿಜ್. ಈ ಮನುಷ್ಯ ಆರು ವರ್ಷದ ಹಿಂದೆ ಹೆನ್ರಿಯ ಹೆಂಡ್ತಿ ಶಾರ್ಲಟ್‌ನ ಹಾರಿಸ್ಕೊಂಡು ಹೋಗಿದ್ದವನು, ಅಂದ್ರೆ ಆರ್ಥರ್‌ನ ತಮ್ಮನ ಸಂಸಾರ ಮುರಿದವನು. ಅವನ್ನೇ ಪಕ್ಕದಲ್ಲಿಟ್ಕೊಂಡು ಯುದ್ಧ ಮಾಡ್ಬೇಕಾಯ್ತು. ಕೊನೇ ಹೊತ್ತಲ್ಲಿ ಗುಂಡು ಬಿದ್ದು ಅವನ ಕಾಲು ಹೋಯ್ತು. ದೇವರೇ ನನ್ನ ಕಾಲು ಹೋಯ್ತು ಅಂತ ಅವನು, ಹೌದಲ್ಲಯ್ಯ ಹೋಯ್ತು ಅಂತ ಇವನು, ಹಾಗೆ ಮಾತಾಯ್ತು ಅಂತ ಒಂದು ಕಥೆ. ಇನ್ನೂ ಕೇಳಿ, ಶಾರ್ಲಟ್‌ನ ಅಕ್ಕ ಎಮಿಲಿನೇ ಜೆರಾಲ್ಡ್‌ನ ಹೆಂಡ್ತಿ, ಅವಳೂ ಗಂಡನ್ನ ಬಿಟ್ಟು ಹೋದ್ಲು, ಹೆಂಡ್ತಿ ಬಿಟ್ಟ ಪಾದ್ರಿ ಅಂತ ಜೆರಾಲ್ಡ್‌ಗೆ ಬಿಷಪ್ ಆಗೋ ಯೋಗನೇ ತಪ್ಪೋಯ್ತು.

1828ರ ಜನವರಿಲಿ ಆರ್ಥರ್ ಪ್ರಧಾನಿ ಆದ. ಅಲ್ಲಿ ಅಣ್ಣತಮ್ಮಂದಿರ ಕಥೆಗೆ ಕಹಿ ಬಿತ್ತು. ರಿಚರ್ಡ್ ಆಗ ಐರ್ಲೆಂಡಿನಲ್ಲಿ ರಾಜನ ಪ್ರತಿನಿಧಿ, ಕ್ಯಾಥಲಿಕ್ಕರಿಗೆ ಪಾರ್ಲಿಮೆಂಟಲ್ಲಿ ಕೂರೋ ಹಕ್ಕು ಕೊಡ್ಬೇಕು ಅನ್ನೋನು, ಅವನ ಎರಡನೇ ಹೆಂಡ್ತಿ ಬಾಲ್ಟಿಮೋರ್‌ನ ಮೇರಿಯಾನ್ ಕ್ಯಾಥಲಿಕ್. ಆರ್ಥರ್ ಆಗಿನ್ನೂ ಅದಕ್ಕೆ ವಿರೋಧ. ರಿಚರ್ಡ್ ಕೆಲಸ ಬಿಟ್ಟ, ತಮ್ಮ ಮಂತ್ರಿಮಂಡಲಕ್ಕೂ ಕರೀಲಿಲ್ಲ. ತಮಾಷೆ ಅಂದ್ರೆ ಮರುವರ್ಷವೇ ಐರ್ಲೆಂಡ್ ಹತ್ತಿ ಉರಿಯೋದು ಬೇಡ ಅಂತ ಆರ್ಥರ್ ತಾನೇ ಆ ಕಾಯ್ದೆ ತಂದ, ದ್ರೋಹಿ ಅಂದ ಲಾರ್ಡ್ ವಿಂಚಿಲ್ಸೀ ಜೊತೆ 1829ರ ಮಾರ್ಚ್ 21ಕ್ಕೆ ಬ್ಯಾಟರ್ಸೀ ಮೈದಾನದಲ್ಲಿ ಪಿಸ್ತೂಲ್ ಹಿಡಿದು ದ್ವಂದ್ವ ಆಡಿದ. ಪ್ರಧಾನಿ, ವಯಸ್ಸು 59! ಇವನು ಬೇರೆ ಕಡೆ ಹೊಡೆದ, ಅವನು ಆಕಾಶಕ್ಕೆ ಹೊಡೆದು ಕ್ಷಮೆ ಕೇಳ್ದ.

ಮತದಾನದ ಸುಧಾರಣೆಗೆ ಮಾತ್ರ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಇರೋ ವ್ಯವಸ್ಥೆಗಿಂತ ಒಳ್ಳೇದು ಇಲ್ಲ ಅಂತ 1830ರ ನವೆಂಬರ್‌ನಲ್ಲಿ ಹೇಳಿದ್ದೇ ಸರ್ಕಾರ ಬಿತ್ತು, ಆಮೇಲೆ ಬಂದ ವಿರೋಧ ಪಕ್ಷದ ಸರ್ಕಾರದಲ್ಲಿ ಒಂದು ಹುದ್ದೆ ತಗೊಂಡವನು ಅವನಣ್ಣ ರಿಚರ್ಡ್. 1831ರ ಏಪ್ರಿಲ್ 24ಕ್ಕೆ ಕಿಟ್ಟಿ ತೀರ್ಕೊಂಡ್ಲು. ಮೂರು ದಿನಕ್ಕೆ ಜನ ಆಪ್ಸ್ಲೀ ಹೌಸ್ ಕಿಟಕಿಗಳಿಗೆ ಕಲ್ಲು ತೂರಿದ್ರು, ಹೆಣ ಇನ್ನೂ ಮನೇಲೇ ಇತ್ತು. ಆಮೇಲೆ ಅವನು ಕಿಟಕಿಗೆ ಕಬ್ಬಿಣದ ಬಾಗಿಲು ಹಾಕಿಸ್ದ, 'ಕಬ್ಬಿಣದ ಡ್ಯೂಕ್' ಅನ್ನೋ ಅಡ್ಡಹೆಸರನ್ನ ಇದಕ್ಕೇ ಜೋಡಿಸಿ ಹೇಳೋರಿದ್ದಾರೆ. 1852ರ ಸೆಪ್ಟೆಂಬರ್ 14ಕ್ಕೆ ವಾಲ್ಮರ್ ಕೋಟೇಲಿ ಸತ್ತಾಗ ಮಾತ್ರ ಅದೇ ಲಂಡನ್ ಜನ ಲಕ್ಷಗಟ್ಟಲೆ ರೋಡಲ್ಲಿ ನಿಂತು ಕಳಿಸ್ಕೊಟ್ರು.

ಪದವಿಗಳು ಎಲ್ಲಿಗೆ ಹೋದ್ವು ಅಂತ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅಲ್ಲೊಂದು ತಿರುವಿದೆ. ಡ್ಯೂಕ್ ಪದವಿ ದೊಡ್ಡ ಮಗನಿಗೆ ಹೋಯ್ತು, ಡ್ಯೂಕ್ ಆಫ್ ವೆಲ್ಲಿಂಗ್ಟನ್ ಬಂದ್ರು ಅಂತ ಕೂಗ್ದಾಗ ಬರೀ ನಾನು ಒಳಗೆ ಬಂದ್ರೆ ಹೇಗಿರುತ್ತೆ ಅಂತ ಅವನು ಕೊರಗ್ತಿದ್ದ ಪಾಪ. ಅವನಿಗೆ ಮಕ್ಕಳಿಲ್ಲ, ತಮ್ಮ ಚಾರ್ಲ್ಸ್‌ನ ಮಕ್ಕಳಿಗೆ ಹೋಯ್ತು, ಈಗ ಇರೋದು ಒಂಬತ್ತನೇ ಡ್ಯೂಕ್. ರಿಚರ್ಡ್ 1842ರಲ್ಲಿ ಸತ್ತಾಗ ಅವನ ಮಾರ್ಕ್ವೆಸ್ ಪದವಿ ಅಲ್ಲೇ ಅಳಿಸಿಹೋಯ್ತು, ಯಾಕಂದ್ರೆ ಅವನ ಐದೂ ಮಕ್ಕಳು ಯಾಸಿಂತ್ ರೋಲಾಂ ಅನ್ನೋ ಫ್ರೆಂಚ್ ನಟಿಗೆ ಮದುವೆಗೆ ಮೊದಲೇ ಹುಟ್ಟಿದವರು. 1794ರಲ್ಲಿ ಅವಳನ್ನ ಮದುವೆ ಆದ ನಿಜ, ಆದ್ರೆ ಕಾನೂನು ಹಿಂದಕ್ಕೆ ಹೋಗಿ ಮಕ್ಕಳನ್ನ ಸಕ್ರಮ ಮಾಡ್ಲಿಲ್ಲ. ಅಪ್ಪನಿಂದ ಬಂದಿದ್ದ ಮಾರ್ನಿಂಗ್ಟನ್ ಅರ್ಲ್ ಪದವಿ ವಿಲಿಯಂಗೆ, ಅವನ ದುಂದುಗಾರ ಮಗನಿಗೆ, ಮೊಮ್ಮಗನಿಗೆ ಹೋಗಿ ಆ ಕೊಂಬೆ ಒಣಗಿ, 1863ರಲ್ಲಿ ವೆಲ್ಲಿಂಗ್ಟನ್ ಡ್ಯೂಕ್‌ನ ಮಡಿಲಿಗೇ ಬಿತ್ತು. ಅಂದ್ರೆ ಹಿರಿಮಗನಿಗೇ ಎಲ್ಲಾ ಅನ್ನೋ ಪದ್ಧತೀಲಿ ಕಡೆಗೆ ಎಲ್ಲಾ ಸೇರಿದ್ದು ಆ ದಡ್ಡ ಮಗನ ಮನೆಗೆ.

ಆದ್ರೆ ರಿಚರ್ಡ್‌ನ ಆ ಐದು ಮಕ್ಕಳಲ್ಲಿ ಒಬ್ಬಳು ಮಗಳಿದ್ಲು, ಆನ್ ಅಂತ, ಸೋದರತ್ತೆ ಹೆಸರೇ. ಮೊದಲ ಗಂಡನ್ನ ಬಿಟ್ಟು ಲಾರ್ಡ್ ಚಾರ್ಲ್ಸ್ ಬೆಂಟಿಂಕ್ ಜೊತೆ ಓಡಿಹೋಗಿ ಅವನನ್ನೇ ಮದುವೆ ಆದ್ಲು. ಈ ಚಾರ್ಲ್ಸ್‌ನ ಅಣ್ಣ ಯಾರು ಗೊತ್ತಾ, ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್, ರಿಚರ್ಡ್ ಪಟ್ಟ ಕಟ್ಟಿಸಿದ ಅದೇ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ 1831ರಲ್ಲಿ ಮೈಸೂರಿನ ಆಡಳಿತ ಕಿತ್ಕೊಂಡವನು. ಆನ್‌ಗೆ ಒಬ್ಬ ಮಗ, ಆ ಮಗನಿಗೆ ಸೆಸಿಲಿಯಾ ಅಂತ ಮಗಳು, ಸೆಸಿಲಿಯಾಗೆ ಎಲಿಜಬೆತ್ ಬೋವ್ಸ್-ಲಯನ್ ಅಂತ ಮಗಳು, ಅವಳು ಆರನೇ ಜಾರ್ಜ್‌ನ ಮದುವೆ ಆದ್ಲು, ಅವಳ ಮಗಳೇ ಎರಡನೇ ಎಲಿಜಬೆತ್ ರಾಣಿ.